ಹೈಬ್ರಿಡ್ ಕಾರನ್ನು ಪ್ರೆಸ್ಸಿಗೆ ಹಾಕುವ ಮುನ್ನ

ಸಂಪಾದಕರಿಗೆ ನಮಸ್ಕಾರ.

ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರಿನ ಬ್ಯಾಟರಿ ಅಪಾಯಕಾರಿ, ಗುಜರಿಗೆ ಬಂದ ಕೂಡಲೇ ಇಡೀ ಗಾಡಿಯನ್ನು ಜಜ್ಜಿಬಿಡುವುದೇ ಕ್ಷೇಮ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಇಂಥ ಕಾರುಗಳ ವೈರಿಂಗ್ ಬಿಚ್ಚಿ ಜೋಡಿಸುವುದೇ ನನ್ನ ಹೊಟ್ಟೆಪಾಡು. ಅಪಾಯ ಇರುವುದು ನಿಜ. ಆದರೆ ಬ್ಯಾಟರಿಯನ್ನು ಒಳಗೇ ಬಿಟ್ಟು, ಗಾಡಿ ಜಜ್ಜುವ ಪ್ರೆಸ್ಸಿಗೆ ಹಾಕುವುದು ಅದಕ್ಕಿಂತ ದೊಡ್ಡ ಅಪಾಯ, ಜೊತೆಗೆ ನಷ್ಟ ಬೇರೆ.

ಟೊಯೊಟಾ ಪ್ರಿಯಸ್‌ನ ಎರಡನೇ ತಲೆಮಾರಿನ ಕಾರನ್ನೇ ನೋಡಿ. ಹಿಂಬದಿ ಸೀಟಿನ ಹಿಂದೆ ಇರುವ ಬ್ಯಾಟರಿಯಲ್ಲಿ 28 ಮಾಡ್ಯೂಲ್‌ಗಳು, ಅಂದರೆ ಬಿಡಿಬಿಡಿಯಾಗಿ ತೆಗೆಯಬಹುದಾದ ಸಣ್ಣ ಬ್ಯಾಟರಿಗಳು. ಒಂದೊಂದರಲ್ಲೂ 1.2 ವೋಲ್ಟಿನ ಆರು ಸೆಲ್. ಎಲ್ಲ ಸರಣಿಯಲ್ಲಿ ಸೇರಿ 201.6 ವೋಲ್ಟ್. ಒಂದೇ ಒಂದು ಮಾಡ್ಯೂಲ್ ಕೈಕೊಟ್ಟರೂ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹತ್ತುತ್ತದೆ, ಮಾಲೀಕರ ಕಿವಿಗೆ ಬೀಳುವುದು ಮಾತ್ರ ‘ಬ್ಯಾಟರಿ ಪೂರ್ತಿ ಹೋಯಿತು’ ಎಂಬ ಮಾತು. ಸಾಮಾನ್ಯವಾಗಿ ಮೊದಲು ಸೊರಗುವುದು ನಡುವಿನವು. ಶಾಖ ಸೇರಿಕೊಳ್ಳುವುದು ಅಲ್ಲೇ. ತುದಿಯವು ತಂಪಾಗಿದ್ದು ಬಾಳಿಕೆ ಬರುತ್ತವೆ. ಎಷ್ಟೋ ಸಲ ಅಸಲಿ ತಪ್ಪಿತಸ್ಥ ಬ್ಯಾಟರಿಯೇ ಅಲ್ಲ, ಅದಕ್ಕೆ ಗಾಳಿ ಊದುವ ಫ್ಯಾನ್. ಬಿಚ್ಚಿ ನೋಡಿದರೆ ರೆಕ್ಕೆಗಳ ನಡುವೆ ಧೂಳು, ನಾಯಿಕೂದಲು, ಸೀಟಿನ ನೂಲು ಎಲ್ಲ ಕಂಬಳಿಯಂತೆ ಹೆಣೆದುಕೊಂಡಿರುತ್ತದೆ.

ಒಳ್ಳೆಯ ಮಾಡ್ಯೂಲ್ ಯಾವುದೆಂದು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. 55 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು ಒಂದೊಂದಕ್ಕೂ ಎರಡು ನಿಮಿಷ ಕೊಟ್ಟು, ಮೀಟರಿನಲ್ಲಿ ವೋಲ್ಟ್ ಎಷ್ಟು ಇಳಿಯಿತೆಂದು ಬರೆದುಕೊಂಡರೆ ಸೊರಗಿದ್ದು ತಾನಾಗಿಯೇ ಬಯಲಾಗುತ್ತದೆ. ಬಲ್ಬು ಹಚ್ಚದೆ ಬರೀ ವೋಲ್ಟ್ ನೋಡಿ ‘ಚೆನ್ನಾಗಿದೆ’ ಎನ್ನುವವರನ್ನು ನಾನಂತೂ ನಂಬುವುದಿಲ್ಲ. ಬಿಡಿ ಮಾಡ್ಯೂಲನ್ನು ಎರಡು ಕಡೆಯಿಂದ ಬಿಗಿಯದೆ ಚಾರ್ಜಿಗೆ ಹಾಕಿದರೆ ಹೊಟ್ಟೆ ಉಬ್ಬಿಸಿಕೊಂಡು ಕೆಡುತ್ತದೆ, ಅದು ಬೇರೆ ಮಾತು.

ಈಗ ಗುಜರಿಯಲ್ಲಿ ನಡೆಯುವುದನ್ನು ಹೇಳುತ್ತೇನೆ. ಈ ಕಾರಿನ ಹಿಂಬಾಗಿಲು ವಿದ್ಯುತ್ತಿನಿಂದ ತೆರೆಯುವಂಥದ್ದು. 12 ವೋಲ್ಟಿನ ಸಣ್ಣ ಬ್ಯಾಟರಿ ಇಳಿದಿದ್ದರೆ ಬಾಗಿಲು ತೆರೆಯದು, ಆ ಸಣ್ಣ ಬ್ಯಾಟರಿ ಇರುವುದೂ ಹಿಂದೆಯೇ. ನಾನು ಹೋಗುವ ಯಾರ್ಡೊಂದರಲ್ಲಿ ಹುಡುಗರು ಗಾಜು ಒಡೆದು ಕೆಲಸ ಮುಗಿಸುತ್ತಾರೆ. ಅಲ್ಲಿಂದ ಮಳೆನೀರು ಇಳಿದು, ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳು ಹಸಿರುಗಟ್ಟಿ, ಒಳ್ಳೆಯ ಬ್ಯಾಟರಿ ಗುಜರಿಯಲ್ಲೇ ಗುಜರಿಯಾಗುತ್ತದೆ. ಬಾನೆಟ್ ಎತ್ತಿದರೆ ಫ್ಯೂಸ್ ಡಬ್ಬಿಯೊಳಗೆ ಜಂಪ್ ಟರ್ಮಿನಲ್ ಇದೆ. ಅಲ್ಲಿಗೆ 12 ವೋಲ್ಟ್ ಕೊಟ್ಟು ಗುಂಡಿ ಒತ್ತಿದರೆ ಬಾಗಿಲು ತೆರೆದುಕೊಳ್ಳುತ್ತದೆ! ಇನ್ನು ಫೋರ್ಕ್‌ಲಿಫ್ಟ್. ಬ್ಯಾಟರಿಯಿಂದ ಮುಂದಿನ ಇನ್ವರ್ಟರಿಗೆ (ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಒಗ್ಗುವಂತೆ ಬದಲಿಸುವ ಪೆಟ್ಟಿಗೆ) ಹೋಗುವ ಕಿತ್ತಳೆ ಬಣ್ಣದ ಕೇಬಲ್‌ಗಳು ಕಾರಿನ ತಳದಲ್ಲೇ ಸಾಗುತ್ತವೆ. ಅದನ್ನು ನೋಡದೆ ಫೋರ್ಕ್ ತೂರಿಸಿದರೆ ಏನಾಗಬೇಕೋ ಅದೇ ಆಗುತ್ತದೆ.

ಕ್ರಮ ಇಷ್ಟೇ: ಕೀಲಿಯನ್ನು ಕಾರಿನಿಂದ ದೂರ ಇಟ್ಟು, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ತೆಗೆದು, 1000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ಹಾಕಿಕೊಂಡು ದೊಡ್ಡ ಬ್ಯಾಟರಿಯ ಸರ್ವಿಸ್ ಪ್ಲಗ್ (ಸರಣಿಯ ನಡುವಿನ ಕೊಂಡಿ) ಕೀಳಬೇಕು. ಇನ್ವರ್ಟರಿನಲ್ಲಿ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿಯಾಗಲು 10 ನಿಮಿಷ ಕಾದು, ಮೀಟರ್ ಹಿಡಿದು ನೋಡಿದ ಮೇಲೆಯೇ ಸ್ಪ್ಯಾನರ್. ಪ್ಲಗ್ ಕಿತ್ತರೆ ಸರಣಿ ತುಂಡಾಗುತ್ತದೆ ಅಷ್ಟೆ. ಪೆಟ್ಟಿಗೆಯೊಳಗಿನ ಮಾಡ್ಯೂಲ್‌ಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ.

ಕಾರಿಗೆ ಎಲ್ಲಿ ಪೆಟ್ಟು ಬಿದ್ದಿದೆ ಎಂಬುದರ ಮೇಲೆ ಮತ್ತೆ ಬಳಸಲು ಯಾವ ಭಾಗ ಉಳಿಯುತ್ತದೆ ಎಂಬುದು ನಿಂತಿದೆ. ಮುಂದೆ ಗುದ್ದಿದ್ದರೆ ಬ್ಯಾಟರಿ, ಅದರ ರಿಲೇ, ಕರೆಂಟ್ ಸೆನ್ಸರ್, ಫ್ಯಾನ್ ನೋಡಿ. ಹಿಂದೆ ಗುದ್ದಿದ್ದರೆ ಇನ್ವರ್ಟರ್, ಅದನ್ನು ತಣಿಸುವ ಪುಟ್ಟ ನೀರಿನ ಪಂಪ್, ವಿದ್ಯುತ್ತಿನಿಂದ ಓಡುವ ಎ.ಸಿ. ಕಂಪ್ರೆಸರ್ ಸಿಗುತ್ತವೆ. ಕಂಪ್ರೆಸರ್ ಬೇಕಾದರೆ ಗ್ಯಾಸನ್ನು ಯಂತ್ರದಿಂದ ಹೀರಿಸಿ, ಬಿಚ್ಚಿದ ಕೂಡಲೇ ಪೈಪಿನ ಬಾಯಿ ಮುಚ್ಚಿ. ಅದರೊಳಗಿರುವುದು ಎಸ್ಟರ್ ಎಣ್ಣೆ. ಮಾಮೂಲಿ ಕಾರಿನ ಪಿ.ಎ.ಜಿ. ಎಣ್ಣೆ ಬೆರೆತರೆ ಇನ್ಸುಲೇಷನ್ ಕುಗ್ಗುತ್ತದೆ, ಕಾರು ವಿದ್ಯುತ್ ಸೋರಿಕೆಯ (ಲೀಕೇಜ್) ದೋಷ ತೋರಿಸಲು ಶುರುಮಾಡುತ್ತದೆ.

ಯಾರ್ಡ್ ನಡೆಸುವವರಲ್ಲಿ ನನ್ನ ಕೋರಿಕೆ: ಗಾಡಿ ಒಳಬಂದ ದಿನವೇ ಯಾವ ವರ್ಷದ್ದು, ಎಲ್ಲಿ ಗುದ್ದಿದೆ, ಪ್ಲಗ್ ಕಿತ್ತಿದೆಯೋ ಇಲ್ಲವೋ ಎಂದು ಮುಂದಿನ ಗಾಜಿನ ಮೇಲೆ ಬರೆಯಿರಿ. ಕಿತ್ತ ಪ್ಲಗ್ಗನ್ನು ಎಲ್ಲೋ ಎಸೆಯದೆ ಅದೇ ಬ್ಯಾಟರಿ ಪೆಟ್ಟಿಗೆಗೆ ತಂತಿಯಲ್ಲಿ ಕಟ್ಟಿ. ನಿಜಕ್ಕೂ ಸತ್ತ ಮಾಡ್ಯೂಲ್‌ಗಳನ್ನು ಕಬ್ಬಿಣದ ರಾಶಿಗೆ ಸೇರಿಸಬೇಡಿ. ಅವುಗಳಲ್ಲಿ ನಿಕ್ಕಲ್, ಕೋಬಾಲ್ಟ್, ಲ್ಯಾಂಥನಮ್ ಇವೆ, ಚರ್ಮ ಸುಡುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕೂಡ ಇದೆ. ಅವನ್ನು ಬ್ಯಾಟರಿ ಮರುಬಳಕೆಯವರಿಗೇ ಕೊಡಿ.

— ಒಬ್ಬ ಆಟೋ ಎಲೆಕ್ಟ್ರಿಷಿಯನ್