ಉದ್ದ ಇಂಗ್ಲಿಷ್ ಪದ ಓದೋದು: ಇವತ್ತಿನ ಅಭ್ಯಾಸ

ಎಲ್ಲರಿಗೂ ನಮಸ್ಕಾರ. ನಿನ್ನೆಯ ವಾಯ್ಸ್ ಮೆಸೇಜ್‌ಗಳನ್ನೆಲ್ಲ ರಾತ್ರಿ ಮಂಡಕ್ಕಿ ಮೆಲ್ಲುತ್ತಾ ಕೇಳಿದೆ. ಚೆನ್ನಾಗಿ ಓದಿದ್ದೀರಿ, ಆದರೆ ಉದ್ದ ಪದ ಬಂದ ಕೂಡಲೇ ಎಲ್ಲರೂ ಒಂದೇ ಉಸಿರಿಗೆ ಓಟ ಕಿತ್ತಿದ್ದೀರಿ!

ಎಕ್ಸಾಮಿನೇಷನ್ ತಗೊಳ್ಳಿ. ಗದ್ದದ ಕೆಳಗೆ ಕೈ ಇಟ್ಟು ನಿಧಾನಕ್ಕೆ ಹೇಳಿ: ಇಗ್-ಜ್ಯಾ-ಮಿ-ನೇ-ಷನ್. ಗದ್ದ ಕೈಗೆ ತಾಗಿದಷ್ಟು ಸಲ ಅಷ್ಟು ತುಂಡು, ಇಲ್ಲಿ 5. ಒತ್ತು, ಅಂದರೆ ಜೋರು ಕೊಟ್ಟು ಹೇಳೋದು, 'ನೇ' ಮೇಲೆ. 'ಷನ್' ಅಂತ ಮುಗಿಯುವ ಪದಗಳಲ್ಲಿ ಒತ್ತು ಸಾಮಾನ್ಯವಾಗಿ ಅದರ ಹಿಂದಿನ ತುಂಡಿಗೇ ಬೀಳುತ್ತದೆ. ಟೆಲಿವಿಷನ್ ಮಾತ್ರ ಮೊಂಡು, ಅದಕ್ಕೆ ಒತ್ತು ಮೊದಲಲ್ಲೇ.

ನಾವು ಕನ್ನಡದ ಅಭ್ಯಾಸದಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಡ್ತೀವಿ, ಅಲ್ವಾ? ಇಂಗ್ಲಿಷ್‌ನಲ್ಲಿ ಹಾಗಲ್ಲ. ಫೋಟೋಗ್ರಾಫ್‌ನಲ್ಲಿ ಒತ್ತು 'ಫೋ' ಮೇಲೆ, ಕೊನೆಗೊಂದು ಬಾಲ ಸೇರಿಸಿ ಫೊಟಾಗ್ರಫಿ ಅಂದರೆ 'ಟಾ'ಗೆ ಜಿಗಿಯುತ್ತದೆ, ಫೋಟೋಗ್ರಾಫಿಕ್ ಅಂದರೆ 'ಗ್ರಾ'ಗೆ. ನಮ್ಮ ಗುಂಡಿ ಸರ್ಕಲ್ಲಿನ ಸ್ಟುಡಿಯೋ ಬೋರ್ಡುಗಳ ಮುಂದೆ ನಿಂತೇ ಇದನ್ನು ಅಭ್ಯಾಸ ಮಾಡಬಹುದು, ಜನ ನೋಡಿದರೆ ನೋಡಲಿ.

ಅನ್‌ಬಿಲೀವಬಲ್ ಥರದ್ದು ಸುಲಭ. ಮುಂದಿನ 'ಅನ್', ಹಿಂದಿನ 'ಅಬಲ್' ಬಿಡಿಸಿದರೆ ನಡುವೆ ಗೊತ್ತಿರೋ 'ಬಿಲೀವ್' ಸಿಗುತ್ತದೆ.

ಇವತ್ತಿನ ಪದ ಕಮ್ಯುನಿಕೇಷನ್. ಎಷ್ಟು ತುಂಡು, ಒತ್ತು ಎಲ್ಲಿ? ರಾತ್ರಿ 9ರೊಳಗೆ ವಾಯ್ಸ್ ಕಳಿಸಿ. ಸುಮ್ನೆ ಹೆಬ್ಬೆಟ್ಟು ಒತ್ತಿದರೆ ಲೆಕ್ಕಕ್ಕಿಲ್ಲ.