ಕೇಳುವ ಮೊದಲೇ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಲಕ್ವ ಹೊಡೆದ ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನೀನು ನೆಟ್ಟಗೆ ನಿದ್ದೆ ಮಾಡಿಲ್ಲ ಅಂತ ಗೊತ್ತಾಯಿತು. "ಇಷ್ಟು ವರ್ಷ ನರ್ಸ್ ಕೆಲಸ ಮಾಡಿದ್ದೀಯ, ಮುಖ್ಯವಾಗಿ ಏನು ಮಾಡಬೇಕು ಹೇಳು" ಅಂತ ಕೇಳಿದ್ದೀಯ. ಮಾತ್ರೆ, ವ್ಯಾಯಾಮ ಎಲ್ಲ ಡಾಕ್ಟರು ಬರೆದುಕೊಟ್ಟಿದ್ದಾರೆ. ಚೀಟಿಯಲ್ಲಿ ಇರದ ಮಾತು ನಾನು ಬರೆಯುತ್ತೇನೆ.

ಮೊದಲು ನನ್ನದೊಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು, ರಾತ್ರಿ ಡ್ಯೂಟಿ. ವಾರ್ಡಿನಲ್ಲಿ ಲಕ್ವ ಹೊಡೆದ ಒಬ್ಬ ಅಜ್ಜಿ ಇದ್ದರು. ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ನೀರು ನುಂಗಲು ಮಾತ್ರ ತೊಂದರೆ ಇರಲಿಲ್ಲ. ಲೋಟದಲ್ಲಿ ನೀರು ತುಂಬಿಸಿಟ್ಟೆ. ಗಂಟೆಯ ಬಟನ್ ಪಕ್ಕದಲ್ಲಿಟ್ಟೆ. ಹೊದಿಕೆ ಸರಿಮಾಡಿದೆ. ಎಲ್ಲ ಆಯ್ತು ಅಂತ ಪುಸ್ತಕದಲ್ಲಿ ಬರೆದೆ. ಬೆಳಿಗ್ಗೆ ನೋಡಿದರೆ ಲೋಟ ತುಂಬಿದ ಹಾಗೇ ಇತ್ತು. ತುಟಿ ಒಣಗಿ ಬಿರಿದಿತ್ತು. ಲೋಟ, ಬಟನ್ ಎರಡನ್ನೂ ನಾನು ಬಲಗಡೆ ಇಟ್ಟಿದ್ದೆ. ಅಜ್ಜಿ ನನ್ನನ್ನು ಬೈಯಲಿಲ್ಲ, ಬೈಯಲು ಮಾತೇ ಇರಲಿಲ್ಲ. ಆ ನೋಟ ಇನ್ನೂ ಕಣ್ಣ ಮುಂದಿದೆ.

ಕಾಯಿಲೆಯವರು ಬಾಯಿಬಿಟ್ಟು ಕೇಳುವ ಹಾಗೆ ಆಗಬಾರದು. ನಾನು ಕಲಿತದ್ದು ಇಷ್ಟೇ. ಕೇಳುವುದಕ್ಕೂ ಶಕ್ತಿ ಬೇಕು, ಅಲ್ವಾ? ಸಂಕೋಚ ಬೇರೆ. ನಿನ್ನನ್ನು ಎತ್ತಿ ಆಡಿಸಿದ ಅಮ್ಮ "ಮೂತ್ರಕ್ಕೆ ಹೋಗಬೇಕು" ಅಂತ ಮಗನಿಗೆ ಹೇಳುವ ಮೊದಲು ಎಷ್ಟು ಹೊತ್ತು ತಡೆದುಕೊಂಡಿರುತ್ತಾರೋ. ಅವರು ಕರೆಯಲಿ ಅಂತ ಕಾಯಬೇಡ. ಆಗಾಗ ನೀನೇ ಹೋಗಿ ಮೆಲ್ಲಗೆ ಕೇಳು. ಬಾಗಿಲು ಹಾಕಿ, ಮೈಮೇಲೊಂದು ಬಟ್ಟೆ ಹೊದಿಸಿ ಆಮೇಲೆ ಸೀರೆ ಸಡಿಲಿಸು. ಮನೆಯವರೇ ತಾನೇ ಅಂತ ಇದನ್ನು ಬಿಟ್ಟುಬಿಡುವವರು ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ.

ಹಿಮ್ಮಡಿ ಕೆಂಪಾಗಿದೆ ಅಂತ ಬರೆದಿದ್ದೀಯ. ಅದನ್ನು ಸುಮ್ನೆ ಬಿಡಬೇಡ. ಬೆರಳಿನಿಂದ ಒತ್ತಿ ನೋಡು. ಒತ್ತಿದಾಗ ಬಣ್ಣ ಬಿಳಿಚಿ, ಬಿಟ್ಟ ಮೇಲೆ ಮತ್ತೆ ಬಂದರೆ ಅಲ್ಲಿ ರಕ್ತ ಓಡಾಡುತ್ತಿದೆ ಅಂತ ಅರ್ಥ. ಒತ್ತಿದರೂ ಕೆಂಪು ಹಾಗೇ ಇದ್ದರೆ ಒಂದೇ ಕಡೆ ಮಲಗಿ ಆಗುವ ಹುಣ್ಣು ಶುರುವಾಗಿದೆ, ಡಾಕ್ಟರಿಗೆ ಹೇಳು. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಸರಿಯಾಗಿ ಕಾಣದೇ ಇರಬಹುದು. ಆಗ ಮುಟ್ಟಿ ನೋಡಬೇಕು, ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿಯೋ, ಗಟ್ಟಿಯೋ ಅಂತ. ಆ ಜಾಗವನ್ನು ಉಜ್ಜಬೇಡ, ಒಳಗಿನ ಮಾಂಸ ಇನ್ನಷ್ಟು ನೋಯುತ್ತದೆ. ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡು. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಆಗ ಬಿದ್ದುಹೋದ ಕೈ ಹಿಡಿದು ಎಳೆಯಬೇಡ, ಭುಜದ ಕೀಲು ಜಾರಬಹುದು. ಮೈ ಒರೆಸುವಾಗ ಸೊಂಟದ ಹಿಂಭಾಗ, ಮೊಣಕೈ, ತಲೆಯ ಹಿಂದೆ ಎಲ್ಲ ಒಮ್ಮೆ ಕಣ್ಣಾಡಿಸು.

ಊಟ ಕೊಡುವಾಗ ನೆಟ್ಟಗೆ ಕೂರಿಸು. ಊಟವಾಗಿ ಅರ್ಧ ಗಂಟೆ ಮಲಗಿಸಬೇಡ. ನುಂಗಿದ ಮೇಲೆ ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತಿಳಿಸು. ಕೈ ತೊಳೆಯುವುದನ್ನು ನಿನಗೆ ಹೊಸದಾಗಿ ಹೇಳಬೇಕಿಲ್ಲ.

ಹಾಗಂತ ಎಲ್ಲವನ್ನೂ ನೀನೇ ಮಾಡಿಬಿಡಬೇಡ. ವರ್ಜೀನಿಯಾ ಹೆಂಡರ್ಸನ್ ಅಂತ ಅಮೆರಿಕದಲ್ಲಿ ದೊಡ್ಡ ನರ್ಸ್ ಇದ್ದರು. ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ರೋಗಿ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಕ್ಕೆ ಕೈ ಜೋಡಿಸುವುದೇ ನಮ್ಮ ಕೆಲಸ, ಅದೂ ಅವರು ಆದಷ್ಟು ಬೇಗ ನಮ್ಮ ಹಂಗಿಲ್ಲದೆ ಬದುಕುವ ಹಾಗೆ, ಅನ್ನುವುದು ಅವರ ವಿಚಾರ. ಕೊನೆಯ ಭಾಗವನ್ನು ಪ್ರೀತಿ ಜಾಸ್ತಿ ಇರುವವರೇ ಮರೆಯುತ್ತಾರೆ. ಒದ್ದೆ ಬಟ್ಟೆಯನ್ನು ಅಮ್ಮನ ಒಳ್ಳೆಯ ಕೈಗೆ ಕೊಡು. ಮುಖ ಅವರೇ ಒರೆಸಿಕೊಳ್ಳಲಿ. ಹತ್ತು ನಿಮಿಷ ಹಿಡಿದರೂ ಪರವಾಗಿಲ್ಲ, ಕಾದು ಕೂರು.

ಇನ್ನು ನಿನ್ನ ನಿದ್ದೆಯ ವಿಷಯ. ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ಎಲ್ಲರಿಗೂ ನೆನಪಾಗುವುದು ಕೈಯಲ್ಲಿನ ದೀಪ. 1854ರಲ್ಲಿ 38 ನರ್ಸ್‌ಗಳ ಜೊತೆ ಟರ್ಕಿಯ ಸ್ಕುಟಾರಿಯಲ್ಲಿದ್ದ ಯುದ್ಧದ ಆಸ್ಪತ್ರೆಗೆ ಹೋದ ಬ್ರಿಟಿಷ್ ನರ್ಸ್ ಅವರು. ಆದರೆ ಅವರ ಇನ್ನೊಂದು ಮಾತು ನನಗೆ ದೀಪಕ್ಕಿಂತ ದೊಡ್ಡದು. ನೀನು ಇದ್ದಾಗ ನಡೆಯುವ ಆರೈಕೆ ನೀನು ಇಲ್ಲದಾಗಲೂ ನಡೆಯುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ನೀನು ಎಷ್ಟು ದುಡಿದರೂ ಅದು ಕೆಡುತ್ತದೆ. ವಾರ್ಡಿನಲ್ಲಿ ನಾವು ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್ ಕೊಡುವುದು, ಅಂದರೆ ರೋಗಿಯ ವಿವರವನ್ನು ಮುಂದಿನವರಿಗೆ ಒಪ್ಪಿಸುವುದು ಇದಕ್ಕೇ. ನೀನೂ ಒಂದು ನೋಟ್‌ಬುಕ್ ಇಡು. ಯಾವ ಮಗ್ಗುಲಿಗೆ ಎಷ್ಟು ಹೊತ್ತಿಗೆ ಮಲಗಿಸಿದೆ, ಎಷ್ಟು ನೀರು ಕುಡಿದರು, ಯಾವ ಮಾತ್ರೆ ಆಯ್ತು, ಎಲ್ಲ ಬರೆ. ತಂಗಿ ಬಂದಾಗ ಅಮ್ಮನ ಎದುರೇ ಅದನ್ನು ಓದಿ ಹೇಳು. ಬಾಗಿಲ ಹೊರಗೆ ಪಿಸುಗುಟ್ಟಬೇಡಿ, ಒಳಗೆ ಮಲಗಿದವರಿಗೆ ಅದಕ್ಕಿಂತ ಹಿಂಸೆ ಬೇರೆ ಇಲ್ಲ.

ಇವತ್ತು ರಾತ್ರಿ ತಂಗಿಗೆ ಒಪ್ಪಿಸಿ ಬೇರೆ ಕೋಣೆಯಲ್ಲಿ ಮಲಗು. ಮಲಗುವ ಮೊದಲು ಲೋಟ ಯಾವ ಕಡೆ ಇದೆ ನೋಡು. ಹಿಮ್ಮಡಿ ಹೇಗಿದೆ ಅಂತ ನಾಳೆಯೇ ಬರೆ, ಕಾಯುತ್ತಿರುತ್ತೇನೆ.

ನಿನ್ನ ಪ್ರೀತಿಯ ಸ್ನೇಹಿತ