ಕತ್ತಿ ಅದ್ದಿ ನೋಡದ ದಿನ: ಮಗಳಿಗೊಂದು ಪತ್ರ

ಪುಟ್ಟೀ,

ಭಾನುವಾರ ನೀನು ಫೋನ್ ಕಟ್ ಮಾಡಿದ್ಮೇಲೆ ಇವತ್ತಿಗೆ ನಾಲ್ಕು ದಿನ. ಅಮ್ಮನ ಹತ್ರ ಮಾತಾಡ್ತೀಯ, ನಾನು ಪಕ್ಕದಲ್ಲಿದೀನಿ ಅಂತ ಗೊತ್ತಾದ ಕೂಡ್ಲೇ ಮೀಟಿಂಗ್ ಇದೆ ಅಂತೀಯ. ಇರ್ಲಿ, ತಪ್ಪು ನಂದೇ. ನಿನ್ನ ಟೀಮಿನ ಹುಡುಗ ಕೆಲಸ ಬಿಡ್ತೀನಿ ಅಂತ ಪೇಪರ್ ಹಾಕಿದಾನೆ, ಎಲ್ಲರೂ ಇದ್ದ ಮೀಟಿಂಗ್ ಕಾಲ್‌ನಲ್ಲಿ ನೀನು ಅವನಿಗೆ ಬೈದಿದ್ದಕ್ಕೇ ಅಂತೆ, ಮ್ಯಾನೇಜರ್ ಕರೆದು ಕೇಳಿದ್ರು ಅಂತ ನೀನು ಅಳ್ತಾ ಹೇಳ್ತಿರೋವಾಗ ನಾನು "ನೀನೂ ನನ್ ಥರಾನೇ ಆಗ್ಬಿಟ್ಟೆ" ಅಂದ್ಬಿಟ್ಟೆ. ನಿಂಗೆ ಅದು ಬೈಗುಳ ಆಗಿ ಕೇಳಿಸ್ತು. ನಾನು ಬೈಕೊಂಡಿದ್ದು ನನ್ನನ್ನ ಮಾರಾಯ್ತಿ. ಅದನ್ನ ಫೋನಲ್ಲಿ ಬಿಡಿಸಿ ಹೇಳಕ್ಕೆ ನಂಗೆ ಬರಲ್ಲ, ಅದಕ್ಕೇ ಬರೀತಿದೀನಿ.

ನೀನು ಏಳನೇ ಕ್ಲಾಸಲ್ಲಿದ್ದಾಗಿನ ಮಳೆಗಾಲದಲ್ಲಿ ಅಂಗಳದಲ್ಲಿ, ಅಡಿಕೆ ಮರ ಹತ್ತಿ ಗೊನೆ ಇಳಿಸೋ ನಮ್ಮ ಕೊನೆಗೌಡನ ಮೇಲೆ ನಾನು ಕೂಗಾಡಿದ್ದು ನಿಂಗೆ ನೆನಪಿರತ್ತೆ, ಜಗಲೀಲೇ ಇದ್ದೆ ನೀನು. ಅದನ್ನ ಮತ್ತೆ ಬರೆಯಲ್ಲ. ನಿಂಗೆ ಗೊತ್ತಿಲ್ದೇ ಇರೋದೊಂದಿದೆ, ಅಮ್ಮನಿಗೂ ಗೊತ್ತಿಲ್ಲ.

ಮಳೆಗಾಲದಲ್ಲಿ ಅಡಿಕೆಗೆ ಬರೋ ಕೊಳೆ ರೋಗಕ್ಕೆ ಹೊಡೆಯೋ ಔಷಧಿ ಕಲೆಸೋದು ನಮ್ಮನೇಲಿ ಯಾವತ್ತೂ ನನ್ನ ಕೆಲಸ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ತಾ ತಿರುಗಿಸ್ತಾ ಇರ್ಬೇಕು, ಕೊನೆಗೆ ಚೆನ್ನಾಗಿ ಉಜ್ಜಿದ ಕತ್ತಿ ಅದ್ದಿ ನೋಡ್ಬೇಕು. ಕಬ್ಬಿಣದ ಮೇಲೆ ಕೆಂಪು ಕೂತ್ರೆ ಸುಣ್ಣ ಸಾಲ್ಲಿಲ್ಲ ಅಂತ ಅರ್ಥ, ಆ ಔಷಧಿ ಕಾಯಿ ಮೇಲೆ ಸರಿಯಾಗಿ ನಿಲ್ಲಲ್ಲ. ಆ ವರ್ಷ ಮೊದಲನೇ ಸಲ ಹೊಡೆಸೋವಾಗ ಮೋಡ ಕಟ್ಟಿತ್ತು, ಅಟ್ಟದ ಮೇಲಿದ್ದ ಹಿಂದಿನ ವರ್ಷದ ಸುಣ್ಣಾನೇ ಹಾಕ್ದೆ, ಗಡಿಬಿಡೀಲಿ ಕತ್ತಿ ಅದ್ದಲಿಲ್ಲ. ತಿಂಗಳು ಕಳೀತಿದ್ದ ಹಾಗೆ ಕೆಳಗಿನ ತೋಟದಲ್ಲಿ ಕೊಳೆ ಬಿತ್ತು. ನಾನು ಎಂತ ಅಂದ್ಕೊಂಡೆ? ಇವನು ಮರದ ಮೇಲೆ ಹೋಗಿ ಅಡಿಕೆ ಕೊನೆಗೆ ಹೊಡೀದೆ ಸುಮ್ನೆ ಸೋಗೆ ನೆನೆಸಿ ಇಳ್ದಿದಾನೆ ಅಂತ. ಅಂದೆ ಕೂಡ, ಆರು ಜನ ಆಳುಗಳ ಎದುರಿಗೆ. ಅವನು ಕುಡೀತಿದ್ದ ಕಾಫಿ ಲೋಟ ಕೆಳಗಿಟ್ಟು, ಹಗ್ಗ ಸುತ್ತಿ ಹೆಗಲಿಗೆ ಹಾಕ್ಕೊಂಡು ಹೋದ.

ಮಾರನೇ ದಿನದಿಂದ ಮೂರು ದಿನ ಮಳೆ ಬಿಟ್ಟು ಒಳ್ಳೇ ಹೊಳವು. ಎರಡನೇ ಸಲ ಹೊಡೆಯಕ್ಕೆ ಅದಕ್ಕಿಂತ ಒಳ್ಳೇ ಟೈಮ್ ಸಿಗ್ತಿರ್ಲಿಲ್ಲ, ಕೊನೆಗೌಡ ಇಲ್ಲ. ಬೇರೆಯವರೆಲ್ಲ ಬೇರೆ ತೋಟ ಒಪ್ಕೊಂಡಿದ್ರು. ನಾಲ್ಕನೇ ದಿನ ಹೆಂಗೋ ಒಬ್ಬನ್ನ ಹಿಡ್ಕೊಂಡು ಬಂದು, ಅದೇ ಸುಣ್ಣದಲ್ಲಿ ಕಲೆಸಿ ಕತ್ತಿ ಅದ್ದಿದೆ. ತೆಗೆದ್ರೆ ಕೆಂಪು. ನೋಡ್ತಾ ನಿಂತೆ. ಆಮೇಲೆ ಕತ್ತಿ ಒರೆಸಿ ಇಟ್ಟೆ, ಪೇಟೆಯಿಂದ ಹೊಸ ಸುಣ್ಣ ತರಿಸ್ದೆ, ಯಾರಿಗೂ ಹೇಳಲಿಲ್ಲ. ಆ ವರ್ಷ ಕೆಳಗಿನ ತೋಟದಲ್ಲಿ ಅರ್ಧಕ್ಕರ್ಧ ಉದುರಿತು.

ಅಡಿಕೆ ಹೋಗಿದ್ದಕ್ಕಲ್ಲ ನಂಗೆ ಈಗ್ಲೂ ನಿದ್ದೆ ಬರದೇ ಇರೋದು. ಆ ಆರು ಜನರಲ್ಲಿ ಅವನ ಮಗನೂ ಇದ್ದ, ಪೈಪ್ ಹಿಡಿಯಕ್ಕೆ ಅಂತ ಬಂದಿದ್ದ, ಹೆಚ್ಚು ಅಂದ್ರೆ ನಿನ್ನ ವಯಸ್ಸು. ನಾನು ಅಪ್ಪನಿಗೆ ಕೂಗ್ತಿದ್ರೆ ಆ ಹುಡುಗ ನನ್ನ ಮುಖ ನೋಡ್ಲಿಲ್ಲ, ಅಪ್ಪನ ಮುಖಾನೂ ನೋಡ್ಲಿಲ್ಲ, ಪೈಪಿನ ತುದಿ ಬಿಚ್ಚಿ ಹಾಕೋದು, ಬಿಚ್ಚಿ ಹಾಕೋದು ಮಾಡ್ತಿದ್ದ. ಅವನ ಕೈ ನೆನಪಿದೆ ನಂಗೆ. ದೀಪಾವಳಿ ಕಳೆದ್ಮೇಲೆ ಅವರ ಮನೆಗೆ ಹೋದೆ, ಬೆಲ್ಲ ನೀರು ಕೊಟ್ರು. ಅವನು "ಒಬ್ನೇ ಇದ್ದಾಗ ಎಷ್ಟು ಬೈದಿದ್ರೂ ಮಾರನೇ ದಿನ ಬರ್ತಿದ್ದೆ" ಅಂದ, ಅಷ್ಟೇ. ಆಗ್ಲೂ ಸುಣ್ಣದ ವಿಷಯ ನನ್ನ ಬಾಯಿಂದ ಬರ್ಲಿಲ್ಲ.

ಈಗ ಹೇಳು, ಆ ಹುಡುಗನಿಗೆ ಕೆಲಸ ಕೊಡೋವಾಗ ಎಂತ ಬೇಕು, ಯಾವತ್ತಿಗೆ ಬೇಕು ಅಂತ ಸರಿಯಾಗಿ ಹೇಳಿದ್ಯಾ? ಮಧ್ಯದಲ್ಲಿ ಒಂದ್ಸಲ ಎಲ್ಲಿಗೆ ಬಂತು, ಎಲ್ಲಾದ್ರೂ ಸಿಕ್ಕಾಕ್ಕೊಂಡ್ಯಾ ಅಂತ ವಿಚಾರಿಸಿದ್ಯಾ? ಅವನು ಮಾಡಿದ್ದನ್ನ ನೀನೇ ರಾತ್ರಿ ಎರಡು ಗಂಟೆವರೆಗೆ ಕೂತು ಮತ್ತೆ ಬರೆದೆ ಅಂತ ಅಮ್ಮನ ಹತ್ರ ಹೇಳಿದ್ಯಂತೆ. ಅದು ಲೀಡ್ ಮಾಡೋ ಕೆಲಸ ಅಲ್ಲ ಕಣೆ. ನೀನು ಚೆನ್ನಾಗಿ ಮರ ಹತ್ತೋಳು ಅಂತ ನಿಂಗೆ ಕೆಳಗೆ ನಿಂತು ಹಗ್ಗ ಹಿಡಿಯೋ ಕೆಲಸ ಕೊಟ್ಟಿದಾರೆ. ಅಡಿಕೆ ಕೊನೆ ಇಳಿಯೋವಾಗ ಹಗ್ಗ ಹಿಡಿದೋನು ಕಣ್ಣು ಮೇಲಿಟ್ಕೊಂಡೇ ಇರ್ಬೇಕು, ಹಗ್ಗ ಬಿಟ್ಟು ತಾನೇ ಹತ್ತಕ್ಕೆ ಹೋದ್ರೆ ಕೊನೆ ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿ ಆಗತ್ತೆ.

ಇನ್ನೊಂದು, ಅಪ್ರೈಸಲ್ ಅಂತ ರೇಟಿಂಗ್ ಹಾಕ್ತೀಯಲ್ಲ. 1951ರಲ್ಲಿ ಸಾಗರದ ಹತ್ರ ಕಾಗೋಡಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆಗಿದ್ದು ಎಲ್ಲ ಅಜ್ಜ ಹೇಳ್ತಿದ್ರಲ್ಲ, ಅದ್ರಲ್ಲಿ ದೊಡ್ಡ ತಕರಾರು ಗೇಣಿ ಭತ್ತ ಅಳೆಯೋ ಕೊಳಗದ್ದು, ಅಳತೆಗಿಂತ ದೊಡ್ಡ ಕೊಳಗ ಇಟ್ಕೊಂಡು ಅಳೀತಾರೆ ಅಂತ. ಕೊಳಗ ಸರಿ ಇಲ್ಲ ಅಂತ ಒಂದ್ಸಲ ಜನರಿಗೆ ಅನ್ನಿಸ್ತು ಅಂದ್ರೆ ಆಮೇಲೆ ನೀನು ಎಷ್ಟು ಒಳ್ಳೇ ಮಾತಾಡಿದ್ರೂ ನಡೆಯಲ್ಲ. ನೀನು ನಿದ್ದೆ ಬಿಟ್ಟು ಕೂರ್ತೀಯ ಅಂತ ಎಲ್ಲರನ್ನೂ ಅದ್ರಲ್ಲೇ ಅಳೀಬೇಡ. ನಿದ್ದೆ ಬಿಡೋದನ್ನೂ ನಿಲ್ಲಿಸು, ಫೋನಲ್ಲಿ ನಿನ್ನ ಕೆಮ್ಮು ಕೇಳಿಸ್ತು. ಎರಡು ವಾರ ಆಯ್ತಲ್ಲ ಅದು, ಡಾಕ್ಟರಿಗೆ ತೋರಿಸಿದ್ಯಾ?

ಸೊಸೈಟಿಗೆ ಹೋದಾಗ ನನ್ನ ಮಗಳ ಕೈಕೆಳಗೆ ಎಂಟು ಜನ ಇದಾರೆ ಅಂತ ಎಲ್ಲರಿಗೂ ಹೇಳ್ತೀನಿ. ಹೇಳೋವಾಗೆಲ್ಲ ಎದೆ ತುಂಬತ್ತೆ. ಭಾನುವಾರ ಅದನ್ನ ಹೇಳೋದು ಬಿಟ್ಟು ಬೇರೆ ಹೇಳ್ದೆ.

ಆ ಹುಡುಗನಿಗೆ ಫೋನ್ ಮಾಡು ಪುಟ್ಟಿ. ಹೋಗ್ಬೇಡ ಅನ್ನಕ್ಕಲ್ಲ, ಹೋಗೋನು ಹೋಗ್ಲಿ, ತಪ್ಪಾಯ್ತು ಅನ್ನಕ್ಕೆ. ಆವತ್ತು ಆ ಕಾಲ್‌ನಲ್ಲಿ ಇದ್ದೋರಿಗೂ ಅದು ಗೊತ್ತಾಗ್ಬೇಕು, ನಾನು ಅವನ ಮನೆಗೆ ಕದ್ದು ಹೋದ ಹಾಗೆ ಹೋಗ್ಬೇಡ.

ನಮ್ಮ ಕೊನೆಗೌಡನಿಗೆ ಈಗ ಮಂಡಿನೋವು, ಮರ ಹತ್ತಲ್ಲ. ಮಗಾನೇ ಕಾರ್ಬನ್ ಫೈಬರಿನ ಉದ್ದ ದೋಟಿ ಹಿಡ್ಕೊಂಡು ಬರ್ತಾನೆ, ನೆಲದ ಮೇಲೆ ನಿಂತೇ ಹೊಡೀತಾನೆ. ನಾಳೆ ಹೊಳವು ಕೊಟ್ರೆ ಬರ್ತೀನಿ ಅಂದಿದಾನೆ. ಅವನಪ್ಪನನ್ನೂ ಬೈಕಲ್ಲಿ ಕೂರಿಸ್ಕೊಂಡು ಬಾ ಅಂತ ಹೇಳಿ ಕಳ್ಸಿದೀನಿ, ಆಳುಗಳೂ ಇರ್ತಾರೆ. ಹೊಸ ಸುಣ್ಣ ತಂದಿಟ್ಟಿದೀನಿ, ಕತ್ತಿ ಉಜ್ಜಿಟ್ಟಿದೀನಿ. ಈಗ ಹೊರಗೆ ಜೋರು ಮಳೆ ಹೊಯ್ತಿದೆ.

ಶನಿವಾರ ರಾತ್ರಿ ಬಸ್ಸಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಕೆಮ್ಮಿಗೆ ಅಮ್ಮ ಮಾಡಿದ ಕಷಾಯದ ಪುಡಿ ಹಾಕಿ ಕಳಿಸ್ತೀನಿ. ಬೆಳಗ್ಗೆ ಇಳಿಸ್ಕೊಂಡು ಫೋನ್ ಮಾಡು, ನಾನೇ ಎತ್ತೀನಿ.

ಅಪ್ಪ